ಮೂರು, ನಾಕು, ಏಳು

ನಡೆದದ್ದು ಇಷ್ಟು. ನಾನು ಮಗಳ ಹೆಣದ ಮುಂದೆ ಒಂದು ಸುಳ್ಳು ಹಾಡಿದೆ. ಹದಿನಾಲ್ಕು ವರ್ಷವಾದ ಮೇಲೆ ನನ್ನ ಮೊಮ್ಮಗಳು ಅದೇ ಸುಳ್ಳನ್ನು ಚೆನ್ನೈನ ಅಡ್ಯಾರಿನ ಒಂದು ಸಭಾಂಗಣದಲ್ಲಿ, ಗಿಟಾರು ಡ್ರಮ್ಮುಗಳ ನಡುವೆ, ಮುನ್ನೂರು ಜನರ ಎದುರಿಗೆ ಹಾಡಿದಳು. ಆ ಸುಳ್ಳು ಯಾರ ಮೇಲಿತ್ತೋ ಅವನು ಮೂರನೇ ಸಾಲಿನ ಕುರ್ಚಿಯಿಂದ ಎದ್ದು ಹೊರಗೆ ಹೋದ. ಜನ ಚಪ್ಪಾಳೆ ತಟ್ಟಿದರು. ಎಂಥ ಸಂಗೀತ, ಎಂಥ ಹೊಸತನ ಎಂದರು. ಸಂಗೀತದ ವಿಷಯ ನನಗೆ ಗೊತ್ತಿಲ್ಲ. ಸುಳ್ಳಿನ ವಿಷಯ ಗೊತ್ತು. ಅದನ್ನೇ ಬರೆಯುತ್ತೇನೆ.

ಎದ್ದು ಹೋದವನು ನನ್ನ ತಮ್ಮ. ಅವನೇ ನನ್ನ ಅಳಿಯ. ನಮ್ಮ ಮಂಡ್ಯದ ಕಡೆ ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ಹೊಸದೇನಲ್ಲ. ಅವನಿಗೂ ನನಗೂ ಹದಿನಾರು ವರ್ಷದ ಅಂತರ. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಓದಿದ, ಮದ್ರಾಸಿನ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ನಕ್ಷೆ ಬರೆಯುವ ಕೆಲಸ ಸಿಕ್ಕಿತು, ನನ್ನ ಮಗಳನ್ನು ಕಟ್ಟಿಕೊಂಡು ವೆಸ್ಟ್ ಮಾಂಬಲಂನಲ್ಲಿ ಮನೆ ಮಾಡಿದ. ಒಂದನೇ ಮಹಡಿ, ಎರಡು ಕೋಣೆ, ಕಿಟಕಿ ತೆಗೆದರೆ ಎದುರು ಮನೆಯವರ ಅಡುಗೆ ಏನೆಂದು ಗೊತ್ತಾಗುವಷ್ಟು ಹತ್ತಿರ. ನನ್ನ ಗಂಡ ಹೋಗಿ ಆಗಲೇ ಕೆಲವು ವರ್ಷವಾಗಿತ್ತು. ಮಗಳ ಬಾಣಂತನಕ್ಕೆ ಬಂದವಳು ಅಲ್ಲೇ ಉಳಿದೆ.

ಊರಿನ ಹೆಸರು ಮದ್ರಾಸು ಹೋಗಿ ಚೆನ್ನೈ ಆದ ಹೊಸತು. ಮೊಮ್ಮಗಳಿಗೆ ಐದು ತುಂಬಿತ್ತು. ಒಂದು ದಿನ ಮಗಳಿಗೆ ಜ್ವರ ಬಂತು, ಕಣ್ಣು ಹಳದಿಯಾಯಿತು. ಸಂಜೆ ಕೆಲಸದಿಂದ ಬಂದ ತಮ್ಮ ಅವಳ ಕಣ್ಣಿನ ರೆಪ್ಪೆ ಎತ್ತಿ ನೋಡಿ ಚಪ್ಪಲಿಯನ್ನೂ ಬಿಡದೆ ಹೇಳಿದ.

"ಅಕ್ಕ, ಆಟೋ ತತ್ತೀನಿ. ಆಸ್ಪತ್ರೆಗೆ ಓಗಾನ."

"ಕಾಮಾಲೆಗೆ ಇಂಗ್ಲೀಷ್ ಔಸ್ದಿ ಕೊಟ್ರೆ ಕೆಡ್ತದೆ ಕನ್ಲಾ. ನೆಲನೆಲ್ಲಿ ಐತೆ. ಮೂರು ದಿವ್ಸ ಬರೀ ಒಟ್ಟೆಗೆ ಕುಡ್ಸಾನ, ಇಳೀತದೆ" ಎಂದೆ.

ನೆಲನೆಲ್ಲಿ ಸೊಪ್ಪನ್ನು ಬುಡಸಮೇತ ಕಿತ್ತು, ಅರೆದು, ಮಜ್ಜಿಗೆಯಲ್ಲಿ ಕಲಸಿ ಕುಡಿಸಿದೆ. ಎರಡನೇ ದಿನ ಅವನು ಮತ್ತೆ ಆಟೋ ಎಂದ. "ಎತ್ತೋಳು ನಾನು, ನಂಗೊತ್ತಿಲ್ವಾ?" ಎಂದೆ. ಅವನು ನನ್ನ ಮಾತು ಮೀರಿದವನಲ್ಲ. ಗೋಡೆಗೆ ಒರಗಿ ನಿಂತ. ಮೂರನೇ ದಿನ ಮಧ್ಯಾಹ್ನ ಅವಳು ಇದ್ದವರನ್ನು ಬಿಟ್ಟು ಇಲ್ಲದವರ ಜೊತೆ ಮಾತಾಡತೊಡಗಿದಾಗ ಎತ್ತಿಕೊಂಡು ಓಡಿದೆವು. ಅಲ್ಲಿಯ ಡಾಕ್ಟರು ತಮಿಳಿನಲ್ಲಿ ಕೇಳಿದ: "ಇತ್ತನೆ ನಾಳ್ ಎನ್ನ ಪಣ್ಣೀಂಗ?" ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು. ಕೇಳುವಾಗ ಅವನು ನೋಡಿದ್ದು ನನ್ನ ತಮ್ಮನನ್ನು, ಗಂಡಸು ಎಂದು. ತಮ್ಮ ತಲೆ ತಗ್ಗಿಸಿದ. ನಾನೂ ಬಾಯಿ ಬಿಡಲಿಲ್ಲ. ಎರಡು ದಿನಕ್ಕೆ ಅವಳು ಹೋದಳು. ಮೊದಲ ಸಂಜೆಯೇ ಹೋಗಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ.

ನಮ್ಮ ಕಡೆ ಹೆಂಗಸರು ಹೆಣದ ಮುಂದೆ ಕೂತು ಮಾತು ಕಟ್ಟಿ ಅಳುತ್ತಾರೆ. ಅದಕ್ಕೊಂದು ರಾಗವಿದೆ. ಹಾಗೆ ಅಳುವಾಗ ಯಾರನ್ನು ಏನು ಬೇಕಾದರೂ ಅನ್ನಬಹುದು. ಸೀರೆ ಕೊಡಿಸದ ಗಂಡ, ಹೊಟ್ಟೆಗೆ ಹಾಕದ ಅತ್ತೆ, ಎಲ್ಲರ ಲೆಕ್ಕವೂ ಅಲ್ಲೇ ತೀರುತ್ತದೆ. ಅನ್ನಿಸಿಕೊಂಡವರು ಉತ್ತರ ಕೊಡುವಂತಿಲ್ಲ. ನಿಂತು ಕೇಳಬೇಕು. ಹೆಣ ಎತ್ತಿದ ಮೇಲೆ ಆ ಹಾಡು ಮುಗಿಯಿತು, ಮತ್ತೆ ಮನೆಯೊಳಗೆ ಅದನ್ನು ಬಾಯಲ್ಲಿ ತರಬಾರದು.

ಊರಿಂದ ವ್ಯಾನು ಮಾಡಿಕೊಂಡು ನೆಂಟರು ಬಂದಿದ್ದರು. ಎಲ್ಲರ ಕಣ್ಣಲ್ಲೂ ಒಂದೇ ಪ್ರಶ್ನೆ, ಯಾಕೆ ತಡವಾಯಿತು. ನಾನು ಮಗಳ ಕಾಲ ಹತ್ತಿರ ಕೂತು ಎದೆ ಬಡಿದುಕೊಂಡು ಹಾಡಿದೆ.

ಮೂರು ದಿವ್ಸ ತಡ್ದೋನು ತಲೆದೆಸೇಲಿ ನಿಂತವ್ನೆ
ನಾಕಾಳು ಬಾಗ್ಲಲ್ಲಿ ಕಾಯ್ತಾ ಕುಂತವ್ರೆ
ಏಳವ್ವ ಏಳು, ಏಳು ನನ್ ಮಗಳೆ

ತಮ್ಮ ತಲೆದೆಸೆಯಲ್ಲಿ ಕೈ ಕಟ್ಟಿಕೊಂಡು ನಿಂತಿದ್ದ. ನಿಂತೇ ಕೇಳಿದ. ಆ ಮೂರು ದಿನ ನಾನೂ ಅದೇ ಮನೆಯಲ್ಲಿದ್ದೆ, ತಡೆದವಳು ನಾನೇ. ಹಾಡಿನಲ್ಲಿ ನನ್ನ ಸಾಲು ಇರಲಿಲ್ಲ. ಊರಿನವರು ಆ ಮಾತನ್ನು ವ್ಯಾನಿನಲ್ಲಿ ಹಾಕಿಕೊಂಡು ಹೋದರು. ಆಮೇಲೆ ಅವನಿಗೆ ಎರಡು ಕಡೆಯಿಂದ ಹೆಣ್ಣಿನ ಮಾತು ಬಂದು ಎರಡೂ ನಿಂತವು. "ಹೆಂಡ್ರುನ್ನ ಮೂರು ದಿವ್ಸ ಮನೇಲಿ ತಡ್ದು ಸಾಯ್ಸಿದೋನಂತೆ" ಎಂದರಂತೆ. ನನ್ನ ಕಿವಿಗೂ ಬಿತ್ತು. ಸುಮ್ಮನಿದ್ದೆ.

ಅಲ್ಲಿಗೆ ನಿಲ್ಲಿಸಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಮನೆಯೊಳಗೆ ಹಾಡಬಾರದು ಎಂದು ಗೊತ್ತಿದ್ದೂ ಅವನು ಕೆಲಸಕ್ಕೆ ಹೋದ ಮೇಲೆ, ಅಕ್ಕಿ ಆರಿಸುತ್ತಾ, ಮಗುವನ್ನು ಕಾಲ ಮೇಲೆ ಹಾಕಿಕೊಂಡು ನಾನು ಅದನ್ನೇ ಗುನುಗುತ್ತಿದ್ದೆ. ಸುಳ್ಳನ್ನು ದಿನಾ ಹಾಡಿದರೆ ಅದು ನಮಗೇ ನಿಜ ಆಗುತ್ತದೆ. ಮಗು ಅದನ್ನು ಕೇಳಿ ನಿದ್ದೆ ಹೋಗುತ್ತಿತ್ತು. ಒಂದು ದಿನ ನಿದ್ದೆ ಹೋಗಲಿಲ್ಲ, ಕಣ್ಣು ಬಿಟ್ಟು ಕೇಳಿತು.

"ಅಜ್ಜಿ, ಏಳವ್ವ ಅಂದ್ರೆ ಏಳು ಅಮ್ಮಾವಾ?"

ಅವಳ ಶಾಲೆಯಲ್ಲಿ ತಮಿಳಿನಲ್ಲಿ ಎಣಿಸಲು ಹೇಳಿಕೊಟ್ಟಿದ್ದರು. ತಮಿಳಿನ ಏಳೂ ಅವಳ ಕಿವಿಗೆ ಏಳೇ. ಹೆತ್ತವಳನ್ನು ಕಳೆದುಕೊಂಡ ಮಗು ಬೆರಳು ಮಡಿಸಿ ಏಳು ಅಮ್ಮಂದಿರನ್ನು ಎಣಿಸುತ್ತಿತ್ತು. ಅಲ್ಲ, ಅದು ಎದ್ದೇಳು ಎನ್ನುವ ಏಳು, ಸತ್ತವರನ್ನು ಎಬ್ಬಿಸುವುದು ಎಂದು ಐದು ವರ್ಷದ ಮಗುವಿಗೆ ಹೇಳಲು ನನಗೆ ಆಗಲಿಲ್ಲ.

"ಊಂ, ಏಳು ಅಮ್ಮ. ಮಲ್ಕೊ" ಎಂದೆ.

ಅದು ಎರಡನೇ ಸುಳ್ಳು. ಅದನ್ನು ಕಾಪಾಡಲು ಬೆಳಿಗ್ಗೆ ಅವಳನ್ನು ಎಬ್ಬಿಸುವಾಗ ಅಂಗಾಲಿಗೆ ಎರಡು ಏಟು ತಟ್ಟುತ್ತಿದ್ದೆ, ಏಳು ಎಂದು ಬಾಯಿ ತೆರೆಯುತ್ತಿರಲಿಲ್ಲ. ಇನ್ನೊಂದು ಸಲ ಅವಳಿಗೆ ಜ್ವರ ಬಂದಾಗ ಅಪ್ಪ ತಲೆಯ ಹತ್ತಿರ ಕೂತು ಕೂದಲು ಸವರಿದ. ಸವರುವುದಕ್ಕೆ ತಮಿಳಿನಲ್ಲಿ ತಡವುವುದು ಎನ್ನುತ್ತಾರೆ. ಮಗು ನನ್ನ ಕಡೆ ತಿರುಗಿ ಹೇಳಿತು: "ಹಾಡಲ್ಲಿ ಇರೋ ಥರಾ ಅಪ್ಪಾ ತಡವ್ತಾ ಇದಾರೆ ಅಜ್ಜಿ. ಮೂರು ದಿನ ತಡವ್ಬೇಕು." ನಾನು ಅವಳ ಅಪ್ಪನನ್ನು ಬೈದ ಬೈಗುಳ ಅವಳ ಕಿವಿಯಲ್ಲಿ ಅಪ್ಪ ತಲೆ ಸವರಿದ್ದಾಗಿ ಕೂತಿತ್ತು. ತಮ್ಮ ಕೈ ತೆಗೆದು ಎದ್ದು ಬಚ್ಚಲಿಗೆ ಹೋದ. ಬಚ್ಚಲಲ್ಲಿ ಬಹಳ ಹೊತ್ತು ನೀರು ಬಿಟ್ಟುಕೊಂಡಿದ್ದ. ಮತ್ತೆ ಅವನೆಂದೂ ಮಗಳ ತಲೆ ಮುಟ್ಟಿದ್ದನ್ನು ನಾನು ನೋಡಲಿಲ್ಲ.

ಹಾಗೇ ಹುಡುಗಿ ಬೆಳೆದಳು. ಹಾಡಿನ ಮಾತನ್ನು ಚಿಕ್ಕಂದಿನಲ್ಲಿ ಹೇಗೆ ಕೇಳಿರುತ್ತೇವೋ ಹಾಗೇ ಇಟ್ಟುಕೊಂಡಿರುತ್ತೇವೆ, ದೊಡ್ಡವರಾದ ಮೇಲೆ ಯಾರೂ ಬಿಡಿಸಿ ನೋಡುವುದಿಲ್ಲ. ನನ್ನ ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಅರ್ಧ ತಮಿಳು, ಕಾಲು ಇಂಗ್ಲೀಷು, ನನ್ನ ಮೇಲೆ ದಯೆ ಬಂದರೆ ಮಿಕ್ಕ ಕಾಲು ಕನ್ನಡ. ಅಪ್ಪ ಮಗಳ ಮಾತು ದಿನಕ್ಕೆ ನಾಲ್ಕು. "ಓದ್ತಾ ಇದೀಯಾ?" "ಹೂಂ." "ಊಟ ಆಯ್ತಾ?" "ಆಯ್ತು." ಅವಳು ಅವನ ಮುಖವನ್ನು ಕದ್ದು ಕದ್ದು ನೋಡುತ್ತಿದ್ದಳು. ಅದನ್ನು ನಾನು ನೋಡುತ್ತಿದ್ದೆ.

ಅಟ್ಟದಲ್ಲಿ ಅವನ ಒಂದು ಇಂಗ್ಲೀಷ್ ಕ್ಯಾಸೆಟ್ ಇತ್ತು. ಉದ್ದ ಕೂದಲಿನ ನಾಲ್ವರು ಬಿಳಿಯರ ಚಿತ್ರ, ಕಾಲೇಜಿನ ದಿನಗಳಲ್ಲಿ ಕೊಂಡಿದ್ದಂತೆ. ಮಗಳು ಬದುಕಿದ್ದಾಗ ಭಾನುವಾರದ ಬೆಳಿಗ್ಗೆ ಅದನ್ನು ಹಾಕುತ್ತಿದ್ದ. ಮೊದಲ ಮುಖದ ಕೊನೆಯಲ್ಲಿ ಹಾಡುವವನು ಸುಮ್ಮನಾಗಿ ಗಿಟಾರೊಂದೇ ಮೂರು ನಾಲ್ಕು ನಿಮಿಷ ನರಳುತ್ತದೆ. ನನ್ನ ಮಗಳು ಅಡುಗೆಮನೆಯಿಂದ ಕೂಗುತ್ತಿದ್ದಳು: "ಮಾವ, ನಿಮ್ ಗಿಟಾರ್‌ಗೆ ಒಟ್ಟೆನೋವು ಬಂತು! ಓಮಿನ್ ನೀರು ಕೊಡಾನಾ?" ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅವಳು ಹೋದ ಮೇಲೆ ಕ್ಯಾಸೆಟ್ಟು ಅಟ್ಟ ಸೇರಿತು.

ಹತ್ತನೇ ಕ್ಲಾಸಿನ ರಜೆಯಲ್ಲಿ ಹುಡುಗಿಗೆ ಅದು ಸಿಕ್ಕಿತು. ಕೇಳಿದಾಗ ಅವನು "ಬೇಕಾದ್ರೆ ತಗೊ" ಎಂದನಷ್ಟೆ. ಅಪ್ಪ ತನ್ನ ಕೈಯಾರೆ ಕೊಟ್ಟ ಹಾಗೆ ಅವಳು ಅದನ್ನು ಎದೆಗೆ ಒತ್ತಿಕೊಂಡಳು. ಟೇಪು ಸವೆದು ಸುಕ್ಕಾಗುವವರೆಗೂ ಕೇಳಿದಳು. ಕಾಲೇಜಿಗೆ ಹೋಗಿ ನಾಲ್ಕು ಜನರ ಬ್ಯಾಂಡು ಕಟ್ಟಿದಳು. ಕೊನೆಯ ವರ್ಷ, ಆ ಕ್ಯಾಸೆಟ್ಟಿನ ಒಂಬತ್ತು ಹಾಡನ್ನೂ ಮೊದಲಿನಿಂದ ಕೊನೆಯವರೆಗೆ ಅದೇ ಸಾಲಾಗಿ ವೇದಿಕೆಯ ಮೇಲೆ ನುಡಿಸುತ್ತೇವೆ ಎಂದು ಹೊರಟಳು.

ಪ್ರಾಕ್ಟೀಸು ನಮ್ಮ ಮನೆಯಲ್ಲಿ, ಭಾನುವಾರ ಬೆಳಿಗ್ಗೆ. ಉಳಿದವರ ಮನೆಗಳಲ್ಲಿ ಒಪ್ಪಲಿಲ್ಲವಂತೆ. ಗಿಟಾರು ನುಡಿಸುವವಳು ಅಣ್ಣಾ ನಗರದ ಹುಡುಗಿ, ತಮಿಳರವಳು, ನನಗಿಂತ ಒಂದು ಮೊಳ ಎತ್ತರ, ತಿಂಡಿ ಕೊಟ್ಟರೆ ಬೇಡ ಎನ್ನದವಳು. ಡ್ರಮ್ಮಿನ ಜೊತೆ ಒಂದು ಘಟವನ್ನೂ ತಂದಿದ್ದರು. ತಮ್ಮ ಭಾನುವಾರಗಳಲ್ಲಿ ಪ್ಯಾಂಟು ತೊಟ್ಟು ಎಲ್ಲಿಗೋ ಹೋಗಿಬಿಡುತ್ತಿದ್ದ.

"ಕ್ಯಾಸೆಟ್ನಾಗೆ ಇರೋದ್ನ ಯಾಕೆ ಇನ್ನೊಂದಪ ಬಾರ್ಸೀರಿ? ಟೇಪ್ ಆಕುದ್ರೆ ಆಗಾಕಿಲ್ವಾ?" ಎಂದು ಕೇಳಿದೆ.

"ಅದೇ ಥರ ಬಾರಿಸಿದ್ರೆ ಟೇಪ್ ಸಾಕು ಅಜ್ಜಿ. ನಾವು ಬೇರೆ ಮಾಡ್ತೀವಿ. ಸ್ಪೀಡ್ ಬೇರೆ, ತಾಳ ಬೇರೆ. ಪಾಟ್ಟು ಮಾತ್ರ ಅದೇ, ಹಾಡು ಬದಲಾಗಲ್ಲ."

"ನೆನ್ನೆ ಸಾರಿಗೆ ಇವತ್ತು ಒಗ್ಗರಣೆ ಆಕ್ದಂಗಾ?"

"ಕರೆಕ್ಟ್! ಆದ್ರೆ ಯಾವ ಸಾರು ಅಂತ ಗೊತ್ತಾಗ್ಬೇಕು."

ಅಣ್ಣಾ ನಗರದವಳು ಬಾಯಿ ತುಂಬ ಇಡ್ಲಿ ಇಟ್ಟುಕೊಂಡು, "ಪಾಟಿ, ನೀಂಗ ಎಂಗ ಮ್ಯಾನೇಜರ್ ಆಯಿಡುಂಗ" ಎಂದಳು. ನಮ್ಮ ಮ್ಯಾನೇಜರ್ ಆಗಿಬಿಡಿ ಎಂದು. "ಮೊದ್ಲು ತಟ್ಟೆ ತೊಳ್ದಿಕ್ಕು" ಎಂದೆ.

ಆ ಗಿಟಾರು ನರಳುವ ಜಾಗಕ್ಕೆ ಬಂದಾಗ ಅವರಿಗೆ ದಾರಿ ಕಾಣಲಿಲ್ಲ. ಮೂರು ವಾರ ಅಲ್ಲೇ ಮುಗ್ಗರಿಸಿದರು. ಇದ್ದ ಹಾಗೆ ನುಡಿಸಿದರೆ ನಕಲು, ಬಿಟ್ಟರೆ ಹಳ್ಳ. ನಾಲ್ಕನೇ ಭಾನುವಾರ ನಾನು ಒಳಗೆ ಹುಳಿಗೆ ಬೇಳೆ ಇಟ್ಟು ನಿಂತಿದ್ದೆ. ಹೊರಗೆ ಗಿಟಾರು ನಿಂತಿತು. ಘಟದ ಮೇಲೆ ಮೆಲ್ಲನೆ ಮೂರು ಏಟು, ನಾಲ್ಕು ಏಟು, ಮೂರು, ನಾಲ್ಕು. ಅದರ ಮೇಲೆ ನನ್ನ ಮೊಮ್ಮಗಳ ಧ್ವನಿ.

ಮೂರು ದಿವ್ಸ ತಡ್ದೋನು ತಲೆದೆಸೇಲಿ ನಿಂತವ್ನೆ...

ಸೌಟು ನನ್ನ ಕೈಯಲ್ಲೇ ಇತ್ತು. ಹದಿನಾಲ್ಕು ವರ್ಷದಲ್ಲಿ ಒಂದಕ್ಷರ ಅವಳಿಗೆ ಮರೆತಿರಲಿಲ್ಲ. ಹಾಡಿ ಮುಗಿಸಿ ಅಡುಗೆಮನೆಗೆ ಓಡಿಬಂದಳು.

"ಅಜ್ಜಿ! ಮೂರು, ನಾಕು, ಏಳು! ನಿನ್ನ ಜೋಗುಳ ಮಿಶ್ರ ಚಾಪು ಅಜ್ಜಿ! ಮೂರು ಪ್ಲಸ್ ನಾಕು ಏಳು! ನೀನು ತಾಳಾನ ಹಾಡೊಳಗೇ ಬಚ್ಚಿಟ್ಟಿದೀಯ!"

ಮೂರು ನಾಲ್ಕು ಸೇರಿದರೆ ಏಳು ಎನ್ನುವಷ್ಟು ನನಗೂ ಶಾಲೆ ಆಗಿದೆ, ಮೂರನೇ ಕ್ಲಾಸಿನವರೆಗೆ ಓದಿದವಳು. ಆದರೆ ಮೂರು ದಿನವನ್ನೂ ನಾಲ್ಕು ಹೆಗಲನ್ನೂ ಕೂಡಿಸಿ ಯಾರಾದರೂ ಏಳು ಮಾಡಿಯಾರು ಎಂದು ನನಗೆ ಹೊಳೆದಿರಲಿಲ್ಲ. ಅಷ್ಟರಲ್ಲಿ ಕೆಳಮನೆಯ ಮಾಮಿ ಸೊಂಟದ ಮೇಲೆ ಕೈಯಿಟ್ಟು ಮೆಟ್ಟಿಲ ಮೇಲೆ ನಿಂತಿದ್ದಳು. ಪ್ರತಿ ಭಾನುವಾರ ಜಗಳಕ್ಕೆ ಬರುವವಳೇ.

"ಎನ್ನಮ್ಮಾ, ಯಾರಾವದು ಸೆತ್ತು ಪೋಯಿಟ್ಟಾಳಾ?"

ಯಾರಾದರೂ ಸತ್ತರೇನು ಎಂದು ಅಣಕಿಸಿದ್ದು. ಹುಡುಗರು ಬಿದ್ದು ಬಿದ್ದು ನಕ್ಕರು. ಭಾಷೆ ಬಾರದ ಮಾಮಿ ಒಬ್ಬಳಿಗೇ ಆ ರಾಗ ಏನೆಂದು ತಿಳಿದಿತ್ತು, ತಿಳಿದದ್ದು ಅವಳಿಗೂ ಗೊತ್ತಿರಲಿಲ್ಲ.

ಅಲ್ಲೇ, ಆಗಲೇ ಬೇಡ ಎನ್ನಬಹುದಿತ್ತು. "ಅದು ಆಡೋ ಆಡಲ್ಲ, ಬುಡು" ಎಂದಿದ್ದರೆ ಬಿಡುತ್ತಿದ್ದಳು. ಯಾಕೆ ಎಂದು ಕೇಳಿಯೇ ಬಿಡುತ್ತಿದ್ದಳು. ಯಾಕೆ ಎಂದರೆ ಹಾಡು ಯಾರ ಮೇಲಿನದು ಎಂದು ಹೇಳಬೇಕು, ಆಮೇಲೆ ಸೊಪ್ಪು ಅರೆದವರು ಯಾರು ಎಂದು ಹೇಳಬೇಕು. ನನ್ನ ಮಾನ ನನಗೆ ದೊಡ್ಡದಾಗಿತ್ತು. ಅವನು ಮಗಳ ಯಾವ ಕಾರ್ಯಕ್ರಮಕ್ಕೂ ಬಂದವನಲ್ಲ, ಇದಕ್ಕೂ ಬರುವುದಿಲ್ಲ ಎಂದುಕೊಂಡೆ. ಇನ್ನೊಂದು ಮಾತನ್ನೂ ಬರೆದುಬಿಡುತ್ತೇನೆ. ಅಣ್ಣಾ ನಗರದವಳು ತನ್ನ ಗಿಟಾರು ಕೆಳಗಿಟ್ಟು, "ಎನ್ ಸೋಲೋ ವೇಣಾಂ, ಪಾಟಿಯೋಡ ಪಾಟ್ಟೇ ಪೋದುಂ" ಎಂದಳು. ತನ್ನ ಸರದಿ ಬೇಡ, ಅಜ್ಜಿಯ ಹಾಡೇ ಸಾಕು ಎಂದು. ಅದು ನನಗೆ ಹಿತವಾಯಿತು. ಹಾಡು ಕಟ್ಟಿದವಳು ನಾನು ಎಂದು ಯಾರೂ ಎಂದೂ ಹೇಳಿರಲಿಲ್ಲ.

ಕಾರ್ಯಕ್ರಮಕ್ಕೆ ಒಂದು ವಾರವಿದ್ದಾಗ ಹುಡುಗಿ ಅಪ್ಪನ ಮುಂದೆ ಟಿಕೆಟ್ ಹಿಡಿದು ನಿಂತಳು. ಅವನು ಟಿವಿಯಲ್ಲಿ ವಾರ್ತೆ ನೋಡುತ್ತಿದ್ದ.

"ಅಪ್ಪಾ, ಉಂಗ ಕ್ಯಾಸೆಟ್ ತಾನ್, ನಿಮ್ದೇ. ಫುಲ್ಲಾ ಬಾರಿಸ್ತೀವಿ. ನೀವು ಬರ್ಬೇಕು."

ಅವನು ಟಿಕೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದ. "ಮೊದಲ್ನೇ ಸೈಡು ಪೂರ್ತಿನಾ?"

"ಎರಡು ಸೈಡೂ. ನಿಮಗೆ ಅಂತಾನೇ ಒಂದು ಸರ್ಪ್ರೈಸ್ ಇದೆ."

"ಆಯ್ತು" ಎಂದ.

ಅವಳು ಅಡುಗೆಮನೆಗೆ ಬಂದು ನನ್ನ ಎರಡೂ ಕೈ ಹಿಡಿದು ಗಿರಗಿರನೆ ತಿರುಗಿಸಿದಳು. "ಆಯ್ತು ಅಂದ್ರು ಅಜ್ಜಿ! ನೋಡ್ತೀನಿ ಅನ್ಲಿಲ್ಲ! ಆಯ್ತು ಅಂದ್ರು!" ಇಪ್ಪತ್ತರ ಹತ್ತಿರ ಬಂದ ಹುಡುಗಿ. ಅಪ್ಪ ಒಂದು ಸಂಜೆ ತನ್ನ ಎದುರು ಕೂತು ಪೂರ್ತಿ ಕೇಳಬೇಕು, ಇಷ್ಟೇ ಅವಳ ಆಸೆ. ಅದಕ್ಕಾಗಿ ಅವನ ಕ್ಯಾಸೆಟ್ಟು, ಅದರ ನಡುವೆ ಅವನು ತನ್ನ ತಲೆ ಸವರಿದ ಹಾಡು. ಬೇರೆ ಯಾವ ಹೊಸತನವೂ ಇಲ್ಲ, ಸಂಗೀತವೂ ಇಲ್ಲ.

ಸಂಜೆ ಐದಕ್ಕೆ ಕಾರ್ಯಕ್ರಮ, ಮಧ್ಯಾಹ್ನ ಹನ್ನೆರಡಕ್ಕೇ ಅವನು ಬಿಳಿ ಷರಟನ್ನು ಇಸ್ತ್ರಿ ಮಾಡಿಟ್ಟ. ನಾನು ನೋಡುತ್ತಾ ನಿಂತೆ. "ಏನಕ್ಕ?" ಎಂದ. "ಏನಿಲ್ಲ, ಕಾಲರ್ ಸುಕ್ಕಾಗದೆ" ಎಂದೆ. ಗಲಾಟೆಯಲ್ಲಿ ಮಾತು ಯಾರಿಗೆ ಕೇಳುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಸಭಾಂಗಣ ತುಂಬಿತ್ತು. ಮೂರನೇ ಸಾಲಿನಲ್ಲಿ ಅವನು, ಪಕ್ಕದಲ್ಲಿ ನಾನು. ಮೊದಲ ಹಾಡಿಗೆ ಅವನು ಕೈ ಕಟ್ಟಿ ಕೂತಿದ್ದ. ಎರಡನೆಯದಕ್ಕೆ ಕೈ ಬಿಚ್ಚಿದ. ಮೂರನೆಯದರಲ್ಲಿ ಅವನ ಹೆಬ್ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಕ್ಯಾಸೆಟ್ಟಿನಲ್ಲಿ ಕುದುರೆಯ ಹಾಗೆ ಓಡುವ ಹಾಡನ್ನು ಇವರು ಎತ್ತಿನ ಗಾಡಿಯ ನಡಿಗೆಗೆ ತಂದಿದ್ದರು. ಆದರೂ ಅವನು ಗುರುತು ಹಿಡಿದು, ಮುಂದಿನ ತಿರುವು ಬರುವ ಮೊದಲೇ ತಲೆ ಆಡಿಸುತ್ತಿದ್ದ. ಒಂದು ಸಲ ನನ್ನ ಕಿವಿಯ ಹತ್ತಿರ ಬಗ್ಗಿ, "ಚೆನ್ನಾಗಿ ಮಾಡವ್ಳೆ ಅಲ್ವಾಕ್ಕ?" ಎಂದ. ಆ ಮುಖವನ್ನು ನಾನು ಬಹಳ ವರ್ಷದಿಂದ ನೋಡಿರಲಿಲ್ಲ. ಗಿಟಾರು ನರಳುವ ಜಾಗ ಹತ್ತಿರ ಬಂದ ಹಾಗೆ ಅವನು ನಗಲು ಬಾಯಿ ಸಿದ್ಧ ಮಾಡಿಕೊಂಡಿದ್ದ. ಹೊಟ್ಟೆನೋವಿನ ಮಾತು ಅವನಿಗೂ ನೆನಪಾಗಿರಬೇಕು.

ಗಿಟಾರು ನಿಂತಿತು. ಹುಡುಗಿ ಮೈಕಿನಲ್ಲಿ ತಮಿಳಿನಲ್ಲಿ ಹೇಳಿದಳು: ಇದು ನಮ್ಮ ಅಜ್ಜಿಯ ಜೋಗುಳ, ಅಮ್ಮ ಇಲ್ಲದ ನನಗೆ ಏಳು ಅಮ್ಮಂದಿರನ್ನು ಕೊಟ್ಟ ಹಾಡು, ಮೂರು ದಿನ ನನ್ನ ತಲೆ ಸವರಿದ ಅಪ್ಪನಿಗೆ. ಘಟದ ಮೇಲೆ ಮೂರು, ನಾಲ್ಕು. ಜನರೂ ಅದೇ ಲೆಕ್ಕಕ್ಕೆ ಕೈ ತಟ್ಟತೊಡಗಿದರು. ಅವಳು ಮೂರನೇ ಸಾಲಿನ ಕಡೆ ಕೈ ಚಾಚಿ ಮೊದಲ ಸಾಲು ಹಾಡಿದಳು.

ತಮ್ಮನ ಹೆಬ್ಬೆರಳು ನಿಂತಿತು. ಅವನು ವೇದಿಕೆಯನ್ನು ನೋಡಲಿಲ್ಲ, ತಿರುಗಿ ನನ್ನನ್ನು ನೋಡಿದ. ನಾನು ಮುಂದಿನ ಕುರ್ಚಿಯ ಬೆನ್ನನ್ನು ನೋಡಿದೆ. ಅವನು ಎದ್ದು, ಸಾಲಿನವರ ಮೊಣಕಾಲು ದಾಟಿಕೊಂಡು, ಎಲ್ಲರಿಗೂ ತಮಿಳಿನಲ್ಲಿ ಕ್ಷಮಿಸಿ ಕ್ಷಮಿಸಿ ಎನ್ನುತ್ತಾ ಹೊರಗೆ ಹೋದ. ಹುಡುಗಿ ಕಣ್ಣು ಮುಚ್ಚಿಕೊಂಡಳು. ಹಾಡು ನಿಲ್ಲಿಸಲಿಲ್ಲ. ಎರಡನೇ ಮುಖದ ಹಾಡುಗಳನ್ನೂ ಪೂರ್ತಿ ಹಾಡಿದಳು, ಆ ಖಾಲಿ ಕುರ್ಚಿ ಒಂದನ್ನು ಬಿಟ್ಟು ಎಲ್ಲರಿಗೂ.

ಮುಗಿದ ಮೇಲೆ ಅಣ್ಣಾ ನಗರದವಳು ನನ್ನನ್ನು ಅಪ್ಪಿಕೊಂಡು, "ಉಂಗ ಪಾಟ್ಟುಕ್ಕು ಎಲ್ಲಾರುಂ ಅಳುದಾಂಗ ಪಾಟಿ" ಎಂದಳು. ಎಲ್ಲರೂ ಅತ್ತರಂತೆ. "ಅಳೋಕೇ ಇರೋದು ಅದು" ಎಂದೆ. ತಮಾಷೆ ಎಂದುಕೊಂಡು ನಕ್ಕಳು.

ಆಟೋದಲ್ಲಿ ಮೊಮ್ಮಗಳು ನನ್ನ ಪಕ್ಕ ಕೂತು ಒಂದೇ ಮಾತು ಹೇಳಿದಳು.

"ಅಪ್ಪಾ ಎಳುಂದು ಪೋಯಿಟ್ಟಾರು."

ಎದ್ದು ಹೋಗಿಬಿಟ್ಟರು ಎಂದು. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಅದನ್ನೇ. "ನನ್ ಪಾಟ್ಟು ಕೇಳೋಕಾಗ್ದೆ ಎಳುಂದು ಪೋಯಿಟ್ಟಾರು ಅಜ್ಜಿ. ಅವ್ರಿಗೆ ನಾನೂ ಬೇಡ, ನನ್ ಪಾಟ್ಟೂ ಬೇಡ."

"ಎಳುಂದು ಅಂದ್ಯಲ್ಲ, ಅದೇ ಕನೇ ಆ ಏಳು" ಎಂದೆ.

"ಎನ್ನಾ?"

"ಆಡ್ನಾಗಿರೋ ಏಳು. ಎಣ್ಸೋ ಏಳಲ್ಲ. ಎದ್ದೇಳು ಅನ್ನೋ ಏಳು. ಸತ್ತೋರ್ನ ಅಂಗೆ ಕರ್ಯೋದು. ಅದು ಜೋಗುಳ ಅಲ್ಲ."

ಆಟೋ ಸಿಗ್ನಲ್ಲಿನಲ್ಲಿ ನಿಂತಿತು. ಅವಳು ಬೆರಳುಗಳನ್ನು ನೋಡಿಕೊಳ್ಳುತ್ತಿದ್ದಳು.

"ಯಾರು ಸತ್ತಾಗ?"

"ನಿಮ್ಮವ್ವ."

"ಮೂರು ದಿನ ತಡವಿದ್ದು?"

"ತಡವಿದ್ದಲ್ಲ. ತಡ್ದದ್ದು. ಆಸ್ಪತ್ರೆಗೆ ಓಗ್ದಂಗೆ ತಡ್ದದ್ದು."

"ಅಪ್ಪಾವಾ?"

ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಆಟೋದಿಂದ ಹೊರಗೆ ನೋಡಿದೆ. ಅವಳಿಗೆ ಅಷ್ಟು ಸಾಕಾಯಿತು. ಬಾಯಿ ಬಿಡದೆ ಹೇಳಿದ ಅದು ಮೂರನೇ ಸುಳ್ಳು, ಮೂರರಲ್ಲಿ ಕೆಟ್ಟದ್ದೂ ಅದೇ. ಮೊದಲಿನದನ್ನು ಎದೆ ಬಡಿದುಕೊಂಡು ಹೇಳಿದ್ದೆ, ಎರಡನೆಯದನ್ನು ಮಗುವಿಗಾಗಿ ಹೇಳಿದ್ದೆ. ಇದಕ್ಕೆ ಯಾವ ನೆಪವೂ ಇಲ್ಲ.

ಮನೆಗೆ ಬಂದಾಗ ಅವನು ಅದೇ ಬಿಳಿ ಷರಟಿನಲ್ಲಿ ಕೂತಿದ್ದ, ಟಿವಿ ಹಾಕಿರಲಿಲ್ಲ. ಅವಳು ನೇರ ಹೋಗಿ ಎದುರು ನಿಂತಳು.

"ಅಮ್ಮಾನ ನೀವು ಆಸ್ಪತ್ರೆಗೆ ಕರ್ಕೊಂಡ್ ಹೋಗ್ಲಿಲ್ವಾ? ಮೂರು ದಿನ?"

ನನ್ನ ಜೊತೆ ಎಂದೂ ಅಷ್ಟು ತಿಳಿಯಾದ ಕನ್ನಡ ಆಡಿದವಳಲ್ಲ. ಅವನು ಅವಳ ಹೆಗಲ ಮೇಲಿಂದ ನನ್ನನ್ನು ನೋಡಿದ. ನಾನು ಬಾಯಿ ತೆರೆಯಲು ಸಾಕಷ್ಟು ಹೊತ್ತು ಕೊಟ್ಟ. ಆಮೇಲೆ ಕೈ ಕಟ್ಟಿಕೊಂಡ. ಅಂದು ತಲೆದೆಸೆಯಲ್ಲಿ ಕಟ್ಟಿಕೊಂಡು ನಿಂತಿದ್ದ ಹಾಗೆಯೇ. ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವನು ಅಡುಗೆಮನೆಗೆ ಬಂದ. ನೀರು ಕುಡಿದು ಲೋಟ ತೊಳೆದಿಟ್ಟ.

"ಅಕ್ಕ, ಎಣ ಎತ್ತಿ ಅದಿನಾಕು ವರ್ಸ ಆಯ್ತು. ಇನ್ನೂ ಎಷ್ಟು ದಿವ್ಸ ನಾನು ನಿಂತ್ಕಂಡು ಕೇಳ್ಬೇಕು?"

"ನೀನೇ ಯಾಕ್ಲಾ ಬಾಯ್ ಬುಡ್ಲಿಲ್ಲ? ಇಷ್ಟು ವರ್ಸ?"

"ನಾ ಅಂದ್ರೆ ನಿನ್ ಮ್ಯಾಲೆ ಆಕ್ದಂಗಾಯ್ತದೆ. ಅವ್ಳಿಗೆ ಇದ್ದೋಳು ನೀನೊಬ್ಳೇ." ಅವನು ಒರಸುವ ಬಟ್ಟೆಗೆ ಕೈ ಒರೆಸಿಕೊಂಡ. "ಅವ್ಳಿಗೆ ಏಳು."

ನಮ್ಮ ಕಡೆಯವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹೇಳು ಎನ್ನುವುದೂ ಏಳು ಎಂದೇ ಬರುತ್ತದೆ. ನಾನು ನಾಳೆ ಎಂದೆ. ಅವನು ನನ್ನನ್ನು ನಂಬಿದ ಹಾಗೆ ಕಾಣಲಿಲ್ಲ.

ಮಾರನೆಯ ಬೆಳಿಗ್ಗೆ ಅವನು ಆರೂವರೆಯ ರೈಲಿಗೆಂದು ಷೂ ಹಾಕಿಕೊಳ್ಳುತ್ತಿದ್ದಾಗ ಹುಡುಗಿ ಕೋಣೆಯಿಂದ ಬಂದಳು. ಅವನ ಕಡೆ ನೋಡದೆ ಬಚ್ಚಲಿಗೆ ಹೋಗುತ್ತಿದ್ದಳು. ನಾನು ಅಡ್ಡ ನಿಂತೆ.

"ಕುಂತ್ಕೊ. ನೀನೂ ಕುಂತ್ಕೊಲಾ, ರೈಲು ಇನ್ನೊಂದು ಬತ್ತದೆ."

ಇಬ್ಬರೂ ಕೂರಲಿಲ್ಲ. ನಿಂತವರಿಗೇ ಹೇಳಿದೆ. ಅವನು ಆಟೋ ತರುತ್ತೇನೆ ಎಂದದ್ದು, ಎರಡು ಸಲ ಎಂದದ್ದು, ನಾನು ಬೇಡ ಎಂದದ್ದು, ಸೊಪ್ಪು ಅರೆದದ್ದು, ಡಾಕ್ಟರು ಕೇಳಿದ್ದು, ಹೆಣದ ಮುಂದೆ ಹಾಡು ಕಟ್ಟಿದ್ದು. ಹೇಳಲು ಐದು ನಿಮಿಷವೂ ಹಿಡಿಯಲಿಲ್ಲ. ನಾನು ಅಳಲಿಲ್ಲ. ಅತ್ತಿದ್ದರೆ ಅದರಲ್ಲೂ ಏನಾದರೊಂದು ಸೇರಿಸಿಬಿಡುತ್ತಿದ್ದೆನೇನೋ.

ಹುಡುಗಿ ಒಂದೇ ಕೇಳಿದಳು. "ಆ ಡಾಕ್ಟರ್ ಅಪ್ಪನ್ನ ಬೈಯೋವಾಗ ನೀನು ಅಲ್ಲೇ ಇದ್ಯಾ?"

"ಇದ್ದೆ."

ಅವಳು ನನ್ನನ್ನು ದಾಟಿ ಅಪ್ಪನ ಕಡೆ ತಿರುಗಿದಳು. "ಅಡುತ್ತ ಟ್ರೈನ್ ಎತ್ತನೆ ಮಣಿಕ್ಕು?" ಮುಂದಿನ ರೈಲು ಎಷ್ಟು ಗಂಟೆಗೆ ಎಂದು.

"ಏಳಕ್ಕೆ ಐದು ನಿಮಿಷ ಇರೋವಾಗ" ಎಂದ.

ರಾತ್ರಿಯ ಬಟ್ಟೆಯಲ್ಲೇ ಚಪ್ಪಲಿ ಮೆಟ್ಟಿಕೊಂಡು ಅವಳು ಅವನ ಹಿಂದೆ ಮೆಟ್ಟಿಲಿಳಿದಳು. ಸ್ಟೇಷನ್ನಿಗೆ ಹತ್ತು ನಿಮಿಷದ ದಾರಿ. ದಾರಿಯಲ್ಲಿ ಏನು ಮಾತಾಡಿದರೋ ಅವರು ನನಗೆ ಹೇಳಲಿಲ್ಲ, ನಾನೂ ಕೇಳಿಲ್ಲ. ಆ ದಿನದಿಂದ ಅವಳು ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಾಳೆ.

ಅವರಿಬ್ಬರಿಗೆಂದು ಬೆರೆಸಿಟ್ಟ ಎರಡು ಲೋಟ ಕಾಫಿ ಆರಿಹೋಗಿತ್ತು. ಎರಡನ್ನೂ ನಾನೇ ಕುಡಿದೆ. ಆಮೇಲೆ ಅನ್ನಕ್ಕೆ ಅಕ್ಕಿ ತೊಳೆದೆ.